ನಿಂಬೆಗೆ ಆಲೂಗಡ್ಡೆಯ ಚಳಿ ಕೊಡಬೇಡಿ: ಮಾರುಕಟ್ಟೆ ಸಮಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಸದಸ್ಯರು,
ನಮ್ಮ ತಾಲ್ಲೂಕಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ

ವಿಷಯ: ಮಾರುಕಟ್ಟೆ ಅಂಗಳದ ಕೋಲ್ಡ್ ಸ್ಟೋರೇಜ್‌ನಲ್ಲಿ ನಿಂಬೆ, ಕಿತ್ತಳೆ ಇಡುವ ರೀತಿಯನ್ನು ಬದಲಾಯಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ತುಂಗೆಯ ದಂಡೆಯ ಹಳ್ಳಿಯೊಂದರ ರೈತ ಮಹಿಳೆ. ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ತೋಟದ ಮೇಲಿನ ಹಕ್ಕಲಿನಲ್ಲಿ ಹನ್ನೊಂದು ವರ್ಷದ ಹಿಂದೆ ಅರವತ್ತು ನಿಂಬೆ ಗಿಡ ಹಾಕಿದೆವು. ಬೇಲಿ ಸಾಲಿನಲ್ಲಿ ಒಂದಷ್ಟು ಕಿತ್ತಳೆ, ಎರಡು ಕಂಚಿ, ಬಾವಿಕಟ್ಟೆಯ ಹತ್ತಿರ ನಮ್ಮ ಅತ್ತೆಯವರು ನೆಟ್ಟ ಒಂದು ಚಕ್ಕೋತ ಇವೆ. ಅಡಿಕೆಗೆ ಕೊಳೆ ಬಂದ ವರ್ಷ ಮನೆ ಖರ್ಚು, ಮಗನ ಫೀಸು ಎರಡನ್ನೂ ನೋಡಿಕೊಂಡಿದ್ದು ಈ ನಿಂಬೆಯೇ. ಅದಕ್ಕೇ ಇದನ್ನು ಯಾರಾದರೂ "ಅದೊಂದು ಸಣ್ಣ ಬೆಳೆ ಬಿಡಿ" ಅಂದರೆ ನನಗೆ ನೋವಾಗುತ್ತದೆ.

ಇದೇ ವಿಷಯದ ಬಗ್ಗೆ ನಿಮ್ಮ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ. ನಮ್ಮ ಹಾಗೆಯೇ ಹಣ್ಣು ಕಳೆದುಕೊಂಡ ಏಳೆಂಟು ಮನೆಯವರು ಸುತ್ತಮುತ್ತ ಇದ್ದಾರೆ. ಬೇರೆ ತಾಲ್ಲೂಕುಗಳಲ್ಲೂ ಈಗ ಇಂಥ ಕೋಣೆ ಕಟ್ಟಿಸುವ ಮಾತು ನಡೆದಿದೆ. ಅವರಿಗೂ ತಿಳಿಯಲಿ ಎಂದು ಈ ಸಲ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಮೊದಲು ನಾವು ಹಣ್ಣನ್ನು ಯಾಕೆ ಇಡಬೇಕಾಗುತ್ತದೆ ಅನ್ನುವುದನ್ನು ಹೇಳುತ್ತೇನೆ. ಮಲೆನಾಡಿನ ನಿಂಬೆ ಜಾಸ್ತಿ ಬರುವುದೇ ಮಳೆಗಾಲದಲ್ಲಿ. ಆಗ ಜಡಿಮಳೆಯಲ್ಲಿ ಪಾನಕ ಕುಡಿಯುವವರು ಯಾರು? ಸಂತೆಯಲ್ಲಿ ಕೇಳುವವರೇ ಇರುವುದಿಲ್ಲ. ಬೇಸಿಗೆಯಲ್ಲಿ ಬೆಲೆ ಏರಿದಾಗ ನಮ್ಮ ಗಿಡದಲ್ಲಿ ಹಣ್ಣಿರುವುದಿಲ್ಲ. ಅಷ್ಟು ತಿಂಗಳು ನಿಂಬೆಯನ್ನು ಇಡಲು ಆಗುವುದೂ ಇಲ್ಲ. ನಮಗೆ ಸಿಗುವ ಒಂದೇ ಅವಕಾಶ ನವರಾತ್ರಿ. ಆಯುಧಪೂಜೆಯ ದಿನ ಬಸ್ಸು, ಲಾರಿ, ಆಟೋ, ಟಿಲ್ಲರ್, ಮನೆಯ ಬೈಕು, ಯಾವುದರ ಚಕ್ರದ ಕೆಳಗೂ ಒಂದೊಂದು ನಿಂಬೆ ಇಡಬೇಕು. ಅಡಿಕೆ ಸುಲಿಯುವ ಮಿಷನ್ನಿಗೂ ಒಂದು ಹಣ್ಣು ಹೆಚ್ಚಿ ಕುಂಕುಮ ಹಚ್ಚುತ್ತೇವೆ. ಆ ನಾಲ್ಕು ದಿನ ಶಿವಮೊಗ್ಗದಲ್ಲಿ ನಿಂಬೆ ಎಷ್ಟಿದ್ದರೂ ಸಾಲದು. ನಮ್ಮ ಕೊಯ್ಲಿಗೂ ಆ ದಿನಕ್ಕೂ ನಡುವೆ ಇರುವುದು ಮೂರು ವಾರ. ಸರಿಯಾಗಿ ಇಟ್ಟರೆ ನಿಂಬೆ ಆರು ವಾರ ನಿಲ್ಲುತ್ತದೆ. ಹಾಗಾಗಿ ಮೂರು ವಾರ ದೊಡ್ಡ ಮಾತಲ್ಲ.

ಈ ಲೆಕ್ಕ ಹಾಕಿಯೇ ಕಳೆದ ವರ್ಷ 26 ಕ್ರೇಟು ನಿಂಬೆಯನ್ನು ನಿಮ್ಮ ಅಂಗಳದ ಕೋಲ್ಡ್ ಸ್ಟೋರೇಜ್‌ಗೆ ತಂದು ಇಳಿಸಿದೆವು. ಒಂದೊಂದರಲ್ಲಿ 20 ಕೆಜಿ. ಬಾಡಿಗೆಯನ್ನು ಮುಂಚೆಯೇ ಕಟ್ಟಿದೆವು. ಒಳಗೆ ಕಾಲಿಟ್ಟಾಗ ಒಂದು ಕಡೆ ಆಲೂಗಡ್ಡೆ ಚೀಲ, ಪಕ್ಕದಲ್ಲಿ ಕ್ಯಾರೆಟ್, ಬಾಗಿಲ ಬಳಿ ಸೇಬಿನ ಪೆಟ್ಟಿಗೆಗಳಿದ್ದವು. ಗೋಡೆಯ ಮೇಲೆ ಕೆಂಪು ಅಂಕಿಯಲ್ಲಿ 3 ಎಂದು ಕಾಣುತ್ತಿತ್ತು. ಇಷ್ಟು ತಣ್ಣಗಿದ್ದರೆ ನಮ್ಮ ಹಣ್ಣು ಭದ್ರ ಅಂತ ಖುಷಿಯಿಂದಲೇ ಮನೆಗೆ ಬಂದೆವು.

ಹತ್ತೊಂಬತ್ತು ದಿನ ಕಳೆದು, ದುರ್ಗಾಷ್ಟಮಿಗೆ ಎರಡು ದಿನ ಇರುವಾಗ ಹಣ್ಣು ಬಿಡಿಸಿಕೊಂಡೆವು. ಆಚೆ ತಂದಾಗ ನೋಡಿ ಸಂತೋಷವಾಯಿತು. ಗಟ್ಟಿಯಾಗಿ, ಹೊಳೆಯುವ ಸಿಪ್ಪೆ. ಹತ್ತು ನಿಮಿಷ ಆಗುವಷ್ಟರಲ್ಲಿ ಹಣ್ಣೆಲ್ಲ ಬೆವರಿತು. ಕ್ರೇಟಿನ ಅಡಿಯಿಂದ ನೀರು ತೊಟ್ಟಿಕ್ಕತೊಡಗಿತು. ಅದನ್ನು ಹಾಗೆಯೇ ಪಿಕಪ್‌ಗೆ ಹೇರಿ, ಮೇಲೆ ಟಾರ್ಪಾಲು ಎಳೆದು ಮನೆಗೆ ತಂದೆವು. ಮಾರನೇ ದಿನ ಬೆಳಿಗ್ಗೆ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳಿಗಳು ಎದ್ದಿದ್ದವು, ಯಾರೋ ಬೆರಳ ತುದಿಯಿಂದ ಒತ್ತಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಆ ಗುಳಿಗಳು ಕಂದು ಬಣ್ಣಕ್ಕೆ ತಿರುಗಿದವು. ಅಷ್ಟಮಿಯ ದಿನ ಕೆಲವು ಹಣ್ಣಿನ ತೊಟ್ಟಿನ ಪಕ್ಕ ಮೆತ್ತಗಿನ ಒಂದು ಕಲೆ. ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು. ಸಂಜೆಗೆ ಆ ಕಲೆಯ ಸುತ್ತ ಬಿಳಿ ಅಂಚು, ನಡುವೆ ಹಸಿರು ಪುಡಿ. ಹಣ್ಣನ್ನು ಎತ್ತಿದರೆ ಆ ಪುಡಿ ಹೊಗೆಯ ಹಾಗೆ ಹಾರಿ ಪಕ್ಕದ ಹಣ್ಣಿನ ಮೇಲೆ ಕೂರುತ್ತಿತ್ತು.

ದೇವರ ಮುಂದೆ, ಗಾಡಿಯ ಮುಂದೆ ಇಡುವ ಹಣ್ಣು. ಒಂದು ಚುಕ್ಕೆ ಇದ್ದರೂ ಯಾರೂ ಕೊಳ್ಳುವುದಿಲ್ಲ, ಕೊಳ್ಳಬಾರದು ಕೂಡ. 26ರಲ್ಲಿ 17 ಕ್ರೇಟು ಗೊಬ್ಬರಗುಂಡಿಗೆ ಹೋಯಿತು. ಉಳಿದ ಹಣ್ಣಿನಲ್ಲಿ ಒಂದಷ್ಟನ್ನು ಉಪ್ಪಿನಕಾಯಿ ಹಾಕುವವರು ಕೇಳಿದ ಬೆಲೆಗೆ ಕೊಟ್ಟೆವು.

ಕೋಣೆ ನೋಡಿಕೊಳ್ಳುವವರನ್ನು ಕೇಳಿದಾಗ ಬಂದ ಮಾತು ಒಂದೇ: "ನಿಮ್ಮ ಹಣ್ಣೇ ಮೊದಲು ಹಾಳಾಗಿತ್ತು, ನಮ್ಮ ಮಿಷನ್ ಒಂದು ದಿನವೂ ನಿಂತಿಲ್ಲ." ಮಿಷನ್ ನಿಂತಿಲ್ಲ ಅನ್ನುವುದು ನಿಜ. ನನ್ನ ದೂರು ಇರುವುದು ಅದು ಯಾವ ಅಂಕಿಯಲ್ಲಿ ಓಡುತ್ತಿತ್ತು ಅನ್ನುವುದರ ಮೇಲೆ.

ಆ ಮಾತು ಮನಸ್ಸಿಗೆ ಚುಚ್ಚಿತು. ಹಾಗಾಗಿ ಒಂದು ಕ್ರೇಟನ್ನು ಪೂರ್ತಿ ಜಗಲಿಯಲ್ಲಿ ಸುರಿದು, ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿದ ನಮ್ಮ ಭಾವನ ಮಗಳನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ಹಣ್ಣು ನೋಡಿ ಎಣಿಸಿದೆ. ಒಟ್ಟು 438 ಹಣ್ಣು. 83 ಚೆನ್ನಾಗಿದ್ದವು. 64ರಲ್ಲಿ ಬೂಸ್ಟು ಹಿಡಿದಿತ್ತು. ಬಾಕಿ 291ರಲ್ಲಿ ಬೂಸ್ಟು ಇರಲಿಲ್ಲ, ಬರೀ ಗುಳಿ. ಆ 291ನ್ನು ತೋರಿಸಿ ಅವಳು ಹೇಳಿದಳು: "ಚಿಕ್ಕಮ್ಮ, ಇದು ರೋಗ ಅಲ್ಲ. ಇದು ಚಳಿ ಹೊಡೆತ."

ಅವಳು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತೇನೆ. ನಿಂಬೆ ಸೆಕೆಯ ಸೀಮೆಯ ಗಿಡ. ಸುಮಾರು 9–10 ಡಿಗ್ರಿಗಿಂತ ಕೆಳಗೆ ಅದನ್ನು ದಿನಗಟ್ಟಲೆ ಇಟ್ಟರೆ ಸಿಪ್ಪೆಯ ಜೀವಕೋಶಗಳು ಒಳಗಿಂದೊಳಗೆ ಸಾಯುತ್ತವೆ. ಕೋಣೆಯಲ್ಲಿ ಇರುವಷ್ಟು ದಿನ ಅದು ಕಣ್ಣಿಗೆ ಕಾಣುವುದಿಲ್ಲ. ಹೊರಗಿನ ಬಿಸಿಗೆ ಬಂದ ಮೇಲೆ ಸತ್ತ ಜಾಗ ಕುಸಿದು ಗುಳಿಯಾಗುತ್ತದೆ. ಹಾಗಾಗಿ ಬಾಗಿಲಲ್ಲಿ ನಿಂತು ನೋಡುವವರಿಗೆ ಹಣ್ಣು ಚೆನ್ನಾಗಿಯೇ ಕಾಣುತ್ತದೆ, ತಪ್ಪು ರೈತನ ಮನೆಯಲ್ಲಿ ಆಗಿದೆ ಅನ್ನಿಸುತ್ತದೆ. ಬೀಜದ ಆಲೂಗಡ್ಡೆಗೆ 2ರಿಂದ 4 ಡಿಗ್ರಿ ಬೇಕು. ಕ್ಯಾರೆಟ್‌ಗೆ ಅದಕ್ಕಿಂತ ಕಡಿಮೆಯಾದರೂ ಆಗುತ್ತದೆ. ಕಿತ್ತಳೆ 5ರಿಂದ 8 ಡಿಗ್ರಿ ತಡೆದುಕೊಳ್ಳುತ್ತದೆ. ಚಕ್ಕೋತಕ್ಕೆ ನಿಂಬೆಯ ಹಾಗೆ 10ರ ಆಸುಪಾಸು ಬೇಕು. ಒಂದೇ ಕೋಣೆಯಲ್ಲಿ, ಒಂದೇ ಅಂಕಿಯಲ್ಲಿ ಇವನ್ನೆಲ್ಲ ಇಟ್ಟರೆ ಯಾವುದಾದರೂ ಒಂದು ಸಾಯಲೇಬೇಕು ಅಲ್ವಾ? ಕಳೆದ ವರ್ಷ ಸತ್ತಿದ್ದು ನಿಂಬೆ.

ಸೇಬಿನ ಪೆಟ್ಟಿಗೆಯದು ಇನ್ನೊಂದು ಕಥೆ. ಸೇಬು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಬಾಳೆಕಾಯಿ ಹಣ್ಣಾಗಿಸುವುದೂ ಅದೇ ಅನಿಲ. ನಿಂಬೆಗೆ ಅದು ತಾಗಿದರೆ ತೊಟ್ಟಿನ ಬುಡ ಸಡಿಲವಾಗಿ ಉದುರುತ್ತದೆ. ತೊಟ್ಟು ಉದುರಿದ ಜಾಗವೇ ಕೊಳೆಗೆ ಬಾಗಿಲು. ತೋಟದಲ್ಲಿ ಒಣಗಿದ ರೆಂಬೆಗಳಿಂದ ಬಂದು ತೊಟ್ಟಿನ ಬುಡದಲ್ಲಿ ಸುಮ್ಮನೆ ಕೂತಿರುವ ಶಿಲೀಂಧ್ರಗಳು ಇಂಥ ಹೊತ್ತಿಗೇ ಕಾಯುತ್ತಿರುತ್ತವೆ. ಜೊತೆಗೆ ಆ ಬೆವರು. ಮಳೆಗಾಲ ಮುಗಿಯುವ ಹೊತ್ತಿನ ನಮ್ಮ ಗಾಳಿಯಲ್ಲಿ ತೇವ ತುಂಬಿರುತ್ತದೆ. ತಣ್ಣಗಿನ ಹಣ್ಣನ್ನು ಒಮ್ಮೆಲೇ ಅದಕ್ಕೆ ಒಡ್ಡಿದರೆ ನೀರು ಕೂರುತ್ತದೆ. ಬೂಸ್ಟಿಗೆ ಬೇಕಾದದ್ದೂ ಅದೇ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಬೂಸ್ಟು ಹಿಡಿದ ಆ 64 ಹಣ್ಣನ್ನು ಮತ್ತೆ ಒಂದೊಂದಾಗಿ ತಿರುಗಿಸಿ ನೋಡಿದೆವು. ಹೆಚ್ಚಿನವುಗಳಲ್ಲಿ ಒಂದು ಗೀರು, ಮುಳ್ಳು ಚುಚ್ಚಿದ ಗುರುತು, ಇಲ್ಲವೇ ತೊಟ್ಟು ಕಿತ್ತು ಬಂದ ತೂತು ಇತ್ತು. ಹಸಿರು ಬೂಸ್ಟು ಪೆನಿಸಿಲಿಯಂ ಎಂಬ ಶಿಲೀಂಧ್ರ ಕುಲದ್ದು. ಗಟ್ಟಿ ಸಿಪ್ಪೆಯನ್ನು ತೂರಿ ಒಳಗೆ ಹೋಗುವ ಶಕ್ತಿ ಅದಕ್ಕಿಲ್ಲ. ಗಾಯ ಬೇಕು. ಆ ಗಾಯವನ್ನು ಮಾಡಿದವರು ನಾವು. ದೋಟಿಯಲ್ಲಿ ಎಳೆದು ಕೆಡವಿದ್ದು ನಾವು. ನೆಲಕ್ಕೆ ಬಿದ್ದದ್ದನ್ನು ಆರಿಸಿ ಅದೇ ಬುಟ್ಟಿಗೆ ಹಾಕಿದ್ದು ನಾವು. ಆ ದಿನ ಮಳೆ ಹೊಳವಾದ ಕೂಡಲೇ, ಎಲೆಯಲ್ಲಿ ಇನ್ನೂ ನೀರಿರುವಾಗಲೇ ಕೊಯ್ಯಲು ಇಳಿದಿದ್ದೆವು. ಒದ್ದೆಯಲ್ಲಿ ಹಣ್ಣಿನ ಸಿಪ್ಪೆ ನೀರು ಕುಡಿದು ಬಿಗಿಯಾಗಿರುತ್ತದೆ. ಸ್ವಲ್ಪ ಒತ್ತಿದರೂ ಸಿಪ್ಪೆಯ ಎಣ್ಣೆ ಚೀಲ ಒಡೆದು, ಆ ಎಣ್ಣೆಯೇ ಸುತ್ತಲಿನ ಸಿಪ್ಪೆಯನ್ನು ಸುಡುತ್ತದೆ. ನಿಂಬೆ ಸಿಪ್ಪೆಯನ್ನು ದೀಪದ ಹತ್ತಿರ ಹಿಂಡಿದರೆ ಚಟಪಟ ಕಿಡಿ ಹಾರುತ್ತದಲ್ಲ, ಅದೇ ಎಣ್ಣೆ.

ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಹಳೆಯ ಘಟನೆ ಇದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕಿತ್ತಳೆ ರೈಲಿನಲ್ಲಿ ದೂರದ ಊರುಗಳಿಗೆ ಹೋಗುವಷ್ಟರಲ್ಲಿ ಕೊಳೆಯುತ್ತಿತ್ತು. ಬೆಳೆಗಾರರು ರೈಲಿನವರನ್ನು ದೂರುತ್ತಿದ್ದರು. ಅಲ್ಲಿನ ಕೃಷಿ ಇಲಾಖೆಯ ಜಿ. ಹೆರಾಲ್ಡ್ ಪೊವೆಲ್ ಎಂಬವರು ತಮ್ಮ ತಂಡದ ಜೊತೆ ತೋಟದಿಂದಲೇ ಹಣ್ಣಿನ ಹಿಂದೆ ಹೋಗಿ ನೋಡಿದರು. 1908ರಲ್ಲಿ ಬಂದ ಅವರ ವರದಿಯ ತಿರುಳು ಇಷ್ಟು: ಕೊಳೆತದ್ದು ಹೆಚ್ಚಾಗಿ ಕೊಯ್ಯುವಾಗ ಕತ್ತರಿಯ ಮೊನೆ ತಾಗಿದ, ತುಂಬುವಾಗ ಒರಟಾಗಿ ಎಸೆದ ಹಣ್ಣು. ಜೋಪಾನವಾಗಿ ಕೊಯ್ದ ಹಣ್ಣು ಅಷ್ಟೇ ದೂರ ಹೋದರೂ ಬಹಳ ಕಡಿಮೆ ಕೊಳೆಯಿತು. ಆಮೇಲೆ ಅಲ್ಲಿ ಕೊಯ್ಯುವವರ ಕೈಗೆ ಗವಸು ಬಂತು, ಮೊನೆ ಮೊಂಡಾದ ಕತ್ತರಿ ಬಂತು. ನಮ್ಮ ದೋಟಿ ಮಾತ್ರ ಇನ್ನೂ ಹಾಗೆಯೇ ಇದೆ.

ಅದೇ ಕೊಯ್ಲಿನ ಇನ್ನೂರು ಹಣ್ಣನ್ನು ನಾನು ಮನೆಯಲ್ಲೇ ಇಟ್ಟುಕೊಂಡಿದ್ದೆ. ಅವನ್ನು ಕೈಯಾರೆ ಕತ್ತರಿಯಲ್ಲಿ, ಸಣ್ಣ ತೊಟ್ಟು ಉಳಿಸಿ ಕೊಯ್ದಿದ್ದೆ. ನೆರಳಿನಲ್ಲಿ ಒಂದು ದಿನ ಹರಡಿ, ಆಮೇಲೆ ಅಡಿಕೆ ಕೋಣೆಯ ಮೂಲೆಯಲ್ಲಿ ಹೊಳೆ ಮರಳು ಹಾಸಿ, ಒಂದಕ್ಕೊಂದು ತಾಗದ ಹಾಗೆ ಸಾಲಾಗಿ ಇಟ್ಟು, ಮೇಲೆ ಮತ್ತೆ ಮರಳು ಮುಚ್ಚಿದ್ದೆ. ನಮ್ಮ ಅತ್ತೆ ಹೀಗೆಯೇ ಮಾಡುತ್ತಿದ್ದರು. ಮರಳು ಹೆಚ್ಚು ಒದ್ದೆಯೂ ಇರಬಾರದು, ಪುಡಿಪುಡಿ ಒಣಗಿಯೂ ಇರಬಾರದು. ಕೈಯಲ್ಲಿ ಹಿಡಿದರೆ ತಂಪು ಅನ್ನಿಸಬೇಕು, ಅಷ್ಟೇ. ಮೂರು ವಾರದ ಮೇಲೆ ಬಿಡಿಸಿ ನೋಡಿದಾಗ ಕೊಳೆತದ್ದು ಹನ್ನೊಂದು. ಉಳಿದವು ಸ್ವಲ್ಪ ಹಳದಿಯಾಗಿದ್ದವು, ಆದರೆ ರಸ ತುಂಬಿತ್ತು. ನನ್ನ ಅತ್ತೆಗೆ ಶಿಲೀಂಧ್ರದ ಹೆಸರು ಗೊತ್ತಿರಲಿಲ್ಲ. ಆದರೆ ಹಣ್ಣಿಗೆ ಗಾಯ ಆಗಬಾರದು, ತೊಟ್ಟು ಬೀಳಬಾರದು, ಒಂದು ಕೊಳೆತರೆ ಪಕ್ಕದ್ದಕ್ಕೆ ತಾಗಬಾರದು, ನೀರಿನಂಶ ಹೋಗಬಾರದು, ಈ ನಾಲ್ಕೂ ಗೊತ್ತಿತ್ತು. ಇನ್ನೂರು ಹಣ್ಣಿಗೆ ಮರಳು ಸಾಕು. ಐನೂರು ಕೆಜಿಗೆ ಸಾಲುವುದಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು.

ನಿಂಬೆ, ಕಿತ್ತಳೆಯ ಜಾತಿಯ ಹಣ್ಣು ಕೊಯ್ದ ಮೇಲೆ ಮಾವಿನ ಹಾಗೆ ಮಾಗುವುದಿಲ್ಲ. ಮರದಲ್ಲಿದ್ದಾಗ ಎಷ್ಟು ಸಿಹಿ, ಎಷ್ಟು ರಸ ಇತ್ತೋ ಅಷ್ಟೇ. ಆಮೇಲೆ ಅದು ಖರ್ಚಾಗುತ್ತಾ ಹೋಗುತ್ತದೆ. ತೂಕದಲ್ಲಿ ಶೇ 5ರಷ್ಟು ನೀರು ಹೋದರೆ ಸಾಕು, ಸಿಪ್ಪೆ ಸುಕ್ಕುಗಟ್ಟಲು ಶುರು. ಹಾಗಾಗಿ ಕೋಣೆಯ ಗಾಳಿಯಲ್ಲಿ ತೇವವೂ ಶೇ 90ರಷ್ಟು ಇರಬೇಕು. ಆ ದಿನ ನಿಮ್ಮ ಗೋಡೆಯ ಮೇಲೆ ಉಷ್ಣತೆಯ ಅಂಕಿ ಇತ್ತು, ತೇವದ ಅಂಕಿ ಇರಲಿಲ್ಲ.

ಈಗ ಇನ್ನೊಂದು ವಿಷಯ. ಕೋಲ್ಡ್ ಸ್ಟೋರೇಜ್ ಬೇಡ, ಕಡಿಮೆ ಖರ್ಚಿನಲ್ಲಿ ಹಳ್ಳಿಹಳ್ಳಿಗೆ ಇಟ್ಟಿಗೆ-ಮರಳಿನ ತಂಪು ಪೆಟ್ಟಿಗೆ ಕಟ್ಟಿಸಿಕೊಡೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆಂದು ಕೇಳಿದ್ದೇನೆ. ಅದು ಒಳ್ಳೆಯ ಸಾಧನ, ಸಂಶಯವಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು. ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದು, ಆ ಸಂದಿಗೆ ಮರಳು ತುಂಬಿ ದಿನಾ ನೀರು ಹಾಕುವುದು. ಕರೆಂಟೇ ಬೇಡ. ಒಣ ಬೇಸಿಗೆಯಲ್ಲಿ ಹೊರಗಿಗಿಂತ ಒಳಗೆ 10–15 ಡಿಗ್ರಿಯಷ್ಟು ಕಡಿಮೆ ಇರುತ್ತದೆ. ಆದರೆ ಅದು ತಂಪಾಗುವುದು ನೀರು ಆವಿಯಾಗುವುದರಿಂದ. ಸುತ್ತಲಿನ ಗಾಳಿ ಒಣಗಿದ್ದರೆ ಮಾತ್ರ ನೀರು ಆವಿಯಾಗುತ್ತದೆ. ಆಗುಂಬೆ, ಹುಲಿಕಲ್ ಕಡೆಯ ಶ್ರಾವಣ-ಭಾದ್ರಪದದ ಗಾಳಿಯಲ್ಲಿ ಹಾಸಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಲ್ಲಿ ಆ ಮರಳಿನ ನೀರು ಆವಿಯಾಗುವುದಾದರೂ ಹೇಗೆ? ನಮಗೆ ಹಣ್ಣು ಇಡಬೇಕಾದ ತಿಂಗಳಲ್ಲೇ ಅದು ಕೆಲಸ ಮಾಡುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತರಕಾರಿಗೆ, ಸೊಪ್ಪಿಗೆ ಖಂಡಿತ ಉಪಯೋಗ. ಅದಕ್ಕಾಗಿ ಕಟ್ಟಿಸಿ. ನಿಂಬೆಗೆ ಅಂತ ಹೇಳಿ ಕಟ್ಟಿಸಿ ಆಮೇಲೆ "ರೈತರು ಬಳಸುತ್ತಿಲ್ಲ" ಅನ್ನಬೇಡಿ.

ಕಿತ್ತಳೆಯವರ ಕಷ್ಟವನ್ನೂ ಸೇರಿಸಲೇಬೇಕು. ನಮ್ಮ ಕಡೆಯ ಕಿತ್ತಳೆ ಒಳಗೆ ಪೂರ್ತಿ ಹಣ್ಣಾಗಿ ಸಿಹಿ ಬಂದಿದ್ದರೂ ಹೊರಗೆ ಒಂದಷ್ಟು ಹಸಿರು ಉಳಿಯುತ್ತದೆ. ಸಿಪ್ಪೆ ಹಳದಿಯಾಗಲು ರಾತ್ರಿ ಚೆನ್ನಾಗಿ ಚಳಿ ಬೀಳಬೇಕು. ನಮ್ಮಲ್ಲಿ ಅದು ಸಾಲುವುದಿಲ್ಲ. ಪೇಟೆಯವರಿಗೆ ಹಸಿರು ಕಂಡರೆ ಕಾಯಿ ಅನ್ನಿಸುತ್ತದೆ. ಅದಕ್ಕೆ ಕೆಲವು ವ್ಯಾಪಾರಿಗಳು ಕಾರ್ಬೈಡ್ ಪುಡಿ ಇಟ್ಟು ಬಣ್ಣ ಬರಿಸುತ್ತಾರೆ. 2011ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವಂತಿಲ್ಲ. ಬಣ್ಣ ಬರಲೇಬೇಕೆಂದರೆ ಮುಚ್ಚಿದ ಕೋಣೆಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಐದು ಭಾಗದಷ್ಟು ಎಥಿಲೀನ್ ಸಾಕು, 20–25 ಡಿಗ್ರಿಯಲ್ಲಿ, ಆಗಾಗ ಗಾಳಿ ಬದಲಾಯಿಸುತ್ತಾ. ಅದೂ ಸಿಪ್ಪೆಯ ಬಣ್ಣಕ್ಕೆ ಮಾತ್ರ. ರುಚಿ ಅದರಿಂದ ಹೆಚ್ಚುವುದಿಲ್ಲ. ನನ್ನನ್ನು ಕೇಳಿದರೆ ಹಸಿರು ಮಚ್ಚೆಯ ಕಿತ್ತಳೆಯನ್ನು ಹಾಗೆಯೇ ಮಾರಿ, ಪಕ್ಕದಲ್ಲಿ ಒಂದನ್ನು ಸುಲಿದು ತಿನ್ನಲು ಕೊಡಬೇಕು. ನಿಮ್ಮ ಅಂಗಳದಲ್ಲಿ ಅಂಥದ್ದಕ್ಕೆ ಒಂದು ಮೇಜಿಗಾದರೂ ಜಾಗ ಕೊಡಿ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಹೊಸ ಕಟ್ಟಡ ಕೇಳುತ್ತಿಲ್ಲ. ಇರುವ ಮೂರು ಕೋಣೆಗಳಲ್ಲಿ ಚಿಕ್ಕದನ್ನು ಆಗಸ್ಟ್ ಕೊನೆಯಿಂದ ಆಯುಧಪೂಜೆಯವರೆಗೆ 10 ಡಿಗ್ರಿಗೆ ಇಟ್ಟು ನಿಂಬೆಗೆ, ಚಕ್ಕೋತಕ್ಕೆ ಮೀಸಲಿಡಿ. ಡಿಸೆಂಬರ್, ಜನವರಿಯಲ್ಲಿ ಅದೇ ಕೋಣೆಯನ್ನು 6–7 ಡಿಗ್ರಿಗೆ ಇಳಿಸಿದರೆ ಕಿತ್ತಳೆ ಮೂರು ನಾಲ್ಕು ವಾರ ನಿಲ್ಲುತ್ತದೆ. ಸೇಬು, ಬಾಳೆಯನ್ನು ಆ ಕೋಣೆಗೆ ಸೇರಿಸಬೇಡಿ. ಬಾಗಿಲ ಹೊರಗೆ ಒಂದು ಕರಿಹಲಗೆ ಹಾಕಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಉಷ್ಣತೆ ಮತ್ತು ತೇವ ಬರೆಯಿಸಿ. ಓದಲು ಬರುವ ಯಾರೇ ಆದರೂ ನೋಡಿ ತಿಳಿದುಕೊಳ್ಳಲಿ. ಕರೆಂಟು ಹೋದ ದಿನವನ್ನೂ ಬರೆಯಲಿ. ಅದಕ್ಕೆ ನಾವು ಜಗಳ ಮಾಡುವುದಿಲ್ಲ, ಮಲೆನಾಡಿನಲ್ಲಿ ಮಳೆಗಾಲದ ಕರೆಂಟು ಹೇಗಿರುತ್ತದೆ ಎಂದು ನಮಗೂ ಗೊತ್ತು.

ಹಣ್ಣು ಹೊರಗೆ ತರುವ ಹಿಂದಿನ ರಾತ್ರಿ ಅದನ್ನು ಕೋಣೆಯ ಮುಂದಿನ ಮುಚ್ಚಿದ ಪಡಸಾಲೆಯಲ್ಲಿ ಎರಡು ಫ್ಯಾನ್ ಹಾಕಿ ಇಟ್ಟರೆ ಬೆವರುವುದು ತಪ್ಪುತ್ತದೆ. ಆ ಪಡಸಾಲೆ ಈಗ ಖಾಲಿ ಚೀಲಗಳಿಂದ ತುಂಬಿದೆ. ತೆರವು ಮಾಡಿಸಿದರೆ ಸಾಕು.

ಒಳಗೆ ತೆಗೆದುಕೊಳ್ಳುವಾಗ ಹಣ್ಣನ್ನು ನೋಡಿ ರಸೀತಿಯಲ್ಲಿ ಬರೆದುಕೊಡಿ. ಗಾಯವಾದದ್ದು, ತೊಟ್ಟು ಬಿದ್ದದ್ದು ಇದ್ದರೆ ಅಲ್ಲಿಯೇ ವಾಪಸ್ ಕೊಡಿ. ನಮಗೆ ಬೇಸರವಾಗುವುದಿಲ್ಲ. ಆಮೇಲೆ "ಮೊದಲೇ ಹಾಳಾಗಿತ್ತು" ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ಇದರಿಂದ ನಿಮ್ಮ ಸಿಬ್ಬಂದಿಗೂ ರಕ್ಷಣೆ, ನಮಗೂ ರಕ್ಷಣೆ.

ಎಲ್ಲಕ್ಕಿಂತ ಮುಖ್ಯವಾಗಿ ಆರಿಸುವುದಕ್ಕೆ ಒಂದು ಚಪ್ಪರ ಬೇಕು. ಈಗ ನಿಂಬೆ ಗೋಣಿಚೀಲದಲ್ಲಿ ಬರುತ್ತದೆ. ಚೀಲದ ಮೇಲೆ ಚೀಲ ಹಾಕಿ, ಅದರ ಮೇಲೆ ಹಮಾಲರು ನಿಂತು ಎಸೆಯುತ್ತಾರೆ. ಅಡಿಯ ಚೀಲದ ಹಣ್ಣಿನ ಗತಿ ಏನಾಗಬೇಕು? ಅವರನ್ನು ದೂರುತ್ತಿಲ್ಲ, ಅಡಿಕೆ ಚೀಲ ಎಸೆದು ರೂಢಿಯಾದ ಕೈಗಳು ಅವು. ನಿಂಬೆಯನ್ನು ಬೇರೆ ಥರ ಹಿಡಿಯಬೇಕು ಎಂದು ಯಾರೂ ಅವರಿಗೆ ಹೇಳಿಲ್ಲ. ಕ್ರೇಟಿನಲ್ಲಿ ತಂದವರಿಗೂ ಚೀಲದಲ್ಲಿ ತಂದವರಿಗೂ ಒಂದೇ ದರ ಕೊಟ್ಟರೆ ಕ್ರೇಟು ಯಾರು ಕೊಳ್ಳುತ್ತಾರೆ? ಆರಿಸಿದ, ತೊಟ್ಟಿರುವ ಹಣ್ಣನ್ನು ಬೇರೆ ರಾಶಿ ಮಾಡಿ ಬೇರೆ ಹರಾಜು ಕೂಗಿಸಿ. ಒಂದು ಸಲ ನಾಲ್ಕು ರೂಪಾಯಿ ಜಾಸ್ತಿ ಸಿಕ್ಕಿದರೆ ಸಾಕು, ಮಾರನೇ ವಾರ ಊರೆಲ್ಲ ಕತ್ತರಿ ಹಿಡಿಯುತ್ತದೆ.

ತೊಳೆಯುವುದರ ಬಗ್ಗೆ ಒಂದು ಮಾತು. ಚಪ್ಪರದಲ್ಲಿ ನೀರಿನ ತೊಟ್ಟಿ ಮಾಡಿದರೆ ನೀರನ್ನು ದಿನಾ ಬದಲಾಯಿಸಬೇಕು. ಇಲ್ಲದಿದ್ದರೆ ಒಂದು ಕೊಳೆತ ಹಣ್ಣಿನ ಪುಡಿ ಎಲ್ಲ ಹಣ್ಣಿಗೂ ಹತ್ತುತ್ತದೆ. ನೂರಕ್ಕೆ ಎರಡು-ಮೂರು ಪಾಲು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಎರಡು ನಿಮಿಷ ಅದ್ದಿ, ಬೇರೆ ನೀರಿನಲ್ಲಿ ತೊಳೆದು ಒಣಗಿಸಿದರೆ ಹಸಿರು ಬೂಸ್ಟು ಎಷ್ಟೋ ಕಡಿಮೆಯಾಗುತ್ತದೆ. ಹೊರದೇಶಗಳಲ್ಲಿ ಇದು ಬಹಳ ವರ್ಷಗಳಿಂದ ಇರುವ ಪದ್ಧತಿ. ಶಿಲೀಂಧ್ರನಾಶಕ, ಮೇಣ ಇವುಗಳ ಗೊಡವೆಗೆ ಈಗಲೇ ಹೋಗುವುದು ಬೇಡ. ಮೇಣ ದಪ್ಪವಾದರೆ ಹಣ್ಣಿಗೆ ಉಸಿರು ಕಟ್ಟಿ ಒಳಗೆ ಕೆಟ್ಟ ವಾಸನೆ ಬರುತ್ತದೆ, ಕಿತ್ತಳೆಗಂತೂ ಬೇಗ.

ತರಬೇತಿಗೆ ದೂರ ಹೋಗಬೇಕಾಗಿಲ್ಲ. ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಅದರದ್ದೇ ತೋಟಗಾರಿಕಾ ಕಾಲೇಜು ಮೂಡಿಗೆರೆಯಲ್ಲಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಕಿತ್ತಳೆಯ ಮೇಲೆ ಕೆಲಸ ಮಾಡಿದ ಸಂಶೋಧನಾ ಕೇಂದ್ರವಿದೆ. ನಾಗಪುರದಲ್ಲಿ ಇಡೀ ದೇಶಕ್ಕೆ ಒಂದು ನಿಂಬೆ-ಕಿತ್ತಳೆ ಸಂಶೋಧನಾ ಸಂಸ್ಥೆಯಿದೆ. ಸಮಿತಿಯಿಂದ ಒಂದು ಪತ್ರ ಹೋದರೆ ಬಂದು ಹೇಳಿಕೊಡುವವರು ಸಿಗುತ್ತಾರೆ ಎಂಬ ನಂಬಿಕೆ ನನಗಿದೆ. ಕರೆಸುವುದು ಕೊಯ್ಲಿಗೆ ಮೊದಲು, ಅಂದರೆ ಜುಲೈನಲ್ಲಿ. ರೈತರ ಜೊತೆ ಹಮಾಲರನ್ನೂ, ಕೋಣೆ ನಡೆಸುವವರನ್ನೂ ಕೂರಿಸಿ. ಹೆಂಗಸರನ್ನು ಮರೆಯಬೇಡಿ. ನಮ್ಮ ಕಡೆ ನಿಂಬೆ ಕೊಯ್ಯುವುದು, ಆರಿಸುವುದು ನಾವೇ.

ನಮ್ಮ ಪಾಲಿನ ಕೆಲಸವನ್ನು ನಾವು ಶುರು ಮಾಡಿದ್ದೇವೆ. ನಮ್ಮ ಸ್ವಸಹಾಯ ಸಂಘದಿಂದ ಹನ್ನೆರಡು ಕತ್ತರಿ, ಹನ್ನೆರಡು ಜೊತೆ ಗವಸು ತಂದಿದ್ದೇವೆ. ಈ ವರ್ಷ ಬೆಳಿಗ್ಗೆ ಹತ್ತಕ್ಕೆ ಮೊದಲು, ಮಳೆ ಬಿಟ್ಟ ಕೂಡಲೇ ಕೊಯ್ಯುವುದಿಲ್ಲ ಎಂದು ಮಾತಾಡಿಕೊಂಡಿದ್ದೇವೆ. ಬಿದ್ದ ಹಣ್ಣು ಬೇರೆ ಬುಟ್ಟಿಗೆ. ಒಣ ರೆಂಬೆಗಳನ್ನು ಬೇಸಿಗೆಯಲ್ಲೇ ಸವರಿದೆವು. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯಲು ಬಂದವರಿಂದ ನಿಂಬೆ ಗಿಡದ ಕೆಳಗಿನ ಎಲೆಗಳಿಗೂ ಅದೇ ಶೇ 1ರ ದ್ರಾವಣ ಹೊಡೆಸಿದೆವು. ಅಡಿಕೆಯ ಕೊಳೆಗೆ ಕಾರಣವಾದ ಫೈಟಾಫ್ತೋರ ಎಂಬ ಸೂಕ್ಷ್ಮಜೀವಿಯ ಸಂಬಂಧಿಯೇ ಮಳೆಯಲ್ಲಿ ಮಣ್ಣಿನಿಂದ ಸಿಡಿದು ಕೆಳಗಿನ ನಿಂಬೆ, ಕಿತ್ತಳೆ ಹಣ್ಣುಗಳನ್ನು ಕೊಳೆಸುತ್ತದೆ ಎಂದು ನನಗೆ ಇತ್ತೀಚೆಗೆ ಗೊತ್ತಾಯಿತು. ಇಷ್ಟು ವರ್ಷ ಪಕ್ಕದ ಮರಕ್ಕೆ ಹೊಡೆಯುತ್ತಾ ಇದನ್ನು ಬಿಟ್ಟಿದ್ದೆವಲ್ಲ ಅಂತ ಬೇಜಾರಾಯಿತು.

ಕಳೆದ ವರ್ಷದ ಹಣ್ಣಿನ ಬೆಲೆಯನ್ನು ನಾನು ಕೇಳುತ್ತಿಲ್ಲ. ನಮ್ಮ ಗಾಯದ ಹಣ್ಣೂ ಅದರಲ್ಲಿ ಇತ್ತು. ಆದರೆ ಹತ್ತೊಂಬತ್ತು ದಿನದ ಬಾಡಿಗೆಯನ್ನು ನನಗೂ, ನನ್ನ ಹಾಗೆ ನಿಂಬೆ ಇಟ್ಟಿದ್ದ ಉಳಿದವರಿಗೂ ವಾಪಸ್ ಕೊಡಬೇಕು. ನಿಂಬೆ ಇಡುತ್ತೇವೆ ಎಂದು ಹೇಳಿಯೇ ಹಣ ಕಟ್ಟಿದ್ದೆವು. ನಿಂಬೆಗೆ ಆಗದ ಚಳಿಗೆ ಬಾಡಿಗೆ ತೆಗೆದುಕೊಳ್ಳುವುದು ಸರಿಯಲ್ಲ.

ಈ ವರ್ಷ ಕಾಯಿ ಚೆನ್ನಾಗಿ ಹಿಡಿದಿದೆ. ಗಣೇಶನ ಹಬ್ಬ ಮುಗಿದ ಮರುವಾರವೇ ಮೊದಲ ಕೊಯ್ಲು ಆಗುತ್ತದೆ. ಸುಮಾರು 30 ಕ್ರೇಟು ಬರಬಹುದು. ಅಕ್ಕಪಕ್ಕದ ಮನೆಗಳದ್ದು ಸೇರಿದರೆ ನೂರರ ಹತ್ತಿರ. ಆ ಹೊತ್ತಿಗೆ ಚಿಕ್ಕ ಕೋಣೆ 10 ಡಿಗ್ರಿಯಲ್ಲಿ ತಯಾರಿರುತ್ತದೋ ಇಲ್ಲವೋ ಎಂದು ಈ ತಿಂಗಳೊಳಗೆ ಬರೆದು ತಿಳಿಸಿ. ಇರುತ್ತದೆ ಎಂದಾದರೆ ನಿಮ್ಮಲ್ಲಿಗೇ ತರುತ್ತೇವೆ. ಇಲ್ಲವೆಂದರೆ ಅಡಿಕೆ ಕೋಣೆಗೆ ಎರಡು ಗಾಡಿ ಹೊಳೆ ಮರಳು ಹೊಡೆಸಬೇಕು. ಅದಕ್ಕೂ ಮಳೆ ಜೋರಾಗುವ ಮೊದಲೇ ಹೇಳಿಡಬೇಕು.

ಇಂತಿ ತಮ್ಮ ವಿಶ್ವಾಸಿ,
ತುಂಗೆಯ ದಂಡೆಯ ಒಬ್ಬ ನಿಂಬೆ ಬೆಳೆಗಾರ್ತಿ